ಸಾಕಮ್ಮನವರ ಕಾಲು ಸರಿಯಾಗಿಯೇ ಇತ್ತು

ಸಾಕಮ್ಮನವರನ್ನು ಡ್ರೈವಿಂಗ್ ಟೆಸ್ಟಿನಲ್ಲಿ ಬೇಕೆಂದೇ ಫೇಲ್ ಮಾಡಿಸಿದವನು ನಾನು. ಒಂದು ಸಲ ಅಲ್ಲ, ಎರಡು ಸಲ. ಇನ್‌ಸ್ಪೆಕ್ಟರರದು ಏನೂ ತಪ್ಪಿಲ್ಲ. ಅವರು ಮೈದಾನದಲ್ಲಿ ನಿಂತು, ಕಣ್ಣಿಗೆ ಕಂಡದ್ದನ್ನು ಬರೆದುಕೊಂಡರು. ಸಾಕಮ್ಮನವರದಂತೂ ಮೊದಲೇ ಇಲ್ಲ. ಅವರ ಕಾರನ್ನು ನಿಲ್ಲಿಸಿದ್ದು ಪಕ್ಕದ ಸೀಟಿನಲ್ಲಿ ಸಾಧುವಿನ ಹಾಗೆ ಕೂತಿದ್ದ ನನ್ನ ಕಾಲು. ಇದನ್ನು ಹೇಳಲು ನನಗೆ ಏಳೆಂಟು ವರ್ಷ ಬೇಕಾಯಿತು.

ನಾನು ಹುಣಸೂರಿನಲ್ಲಿ ಡ್ರೈವಿಂಗ್ ಕಲಿಸುವವನು. ನಮ್ಮ ಕಾರಿನಲ್ಲಿ ಕಲಿಸುವವನ ಕಡೆಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಕಲಿಯುವವರು ಗಾಬರಿಯಾಗಿ ಯಾರ ಮೇಲಾದರೂ ಗಾಡಿ ಹತ್ತಿಸಿಬಿಟ್ಟಾರು ಎಂದು ಇಟ್ಟದ್ದು ಅದು. ಆದರೆ ನಾವು ಅದನ್ನು ಟೆಸ್ಟ್ ಪಾಸು ಮಾಡಿಸಲು ಬಳಸುತ್ತಿದ್ದೆವು — ನಾವು ಎಂದು ಎಲ್ಲರನ್ನೂ ಯಾಕೆ ಎಳೆದು ತರಲಿ, ನಾನು ಬಳಸುತ್ತಿದ್ದೆ. ಇನ್‌ಸ್ಪೆಕ್ಟರರು ಹೊರಗೆ ನಿಂತು ನೋಡುವಾಗ ಪಕ್ಕದಲ್ಲಿ ಕೂತು, ಮುಖ ಆಚೆ ತಿರುಗಿಸಿಕೊಂಡು, ಬೇಕಾದಲ್ಲಿ ಮೆಲ್ಲಗೆ ಕ್ಲಚ್ ಒತ್ತುವುದು, ಬೇಕಾದಲ್ಲಿ ಬ್ರೇಕ್ ಹಿಡಿಯುವುದು. ಸ್ಟೀರಿಂಗ್ ಹಿಡಿದವರು ತಾವೇ ಓಡಿಸಿದೆವೆಂದು ಬೀಗುತ್ತಾ ಇಳಿಯುತ್ತಿದ್ದರು. ನಮ್ಮಲ್ಲಿ ಸೇರಿದವರು ಫೇಲ್ ಆಗುವುದೇ ಇಲ್ಲ ಎಂಬ ಹೆಸರು ನನಗೆ ಬಂದದ್ದು ಹಾಗೆ. ಆ ಹೆಸರಿನ ಜಂಬದಲ್ಲಿ ನಾನು ಕಾಲರ್ ಎತ್ತಿಕೊಂಡು ಓಡಾಡುತ್ತಿದ್ದೆ.

ಸಾಕಮ್ಮನವರು ಹನಗೋಡಿನವರು. ಗಂಡ ಚಿಕ್ಕಣ್ಣ ಒಂದು ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡು ಊರಿನವರ ತರಕಾರಿ, ಶುಂಠಿ ಮೂಟೆಗಳನ್ನು ಹುಣಸೂರಿಗೆ ತಂದು ಹಾಕುತ್ತಿದ್ದರು. ಲಕ್ವ ಹೊಡೆದು ಅವರ ಎಡಗೈ, ಎಡಗಾಲು ಬಿದ್ದುಹೋದವು. ಗಾಡಿ ಮನೆ ಮುಂದೆ ನಿಂತಿತು. ಆಗ ಗಂಡನೇ, ನೀನು ಓಡಿಸು, ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದರಂತೆ. ಅದೇ ಮಾತಿನ ಮೇಲೆ ಸಾಕಮ್ಮನವರು ಒಂದು ಬೆಳಿಗ್ಗೆ ಬಸ್ಸಿಳಿದು ನಮ್ಮ ಬಾಗಿಲಿಗೆ ಬಂದರು.

ನಲವತ್ತು ದಾಟಿತ್ತು ಅವರಿಗೆ. ಆ ವಯಸ್ಸಿನವರಿಗೆ ಡಾಕ್ಟರ ಸರ್ಟಿಫಿಕೇಟ್ ಬೇರೆ ಬೇಕು ಎಂದೆ. ಮಾರನೆಯ ದಿನವೇ ತಂದರು. ಕಲಿಯುವವರ ಲೈಸೆನ್ಸ್ ಎಲ್‌ಎಲ್‌ಆರ್‌ಗೆ ಕಂಪ್ಯೂಟರ್ ಮುಂದೆ ಕೂತು ರಸ್ತೆಯ ಚಿಹ್ನೆಗಳನ್ನು ಗುರುತಿಸಬೇಕು ಎಂದೆ. ನಾನು ಕೊಟ್ಟ ಪುಸ್ತಕವನ್ನು ಒಲೆಯ ಮುಂದೆ ಇಟ್ಟುಕೊಂಡೇ ಓದಿದ್ದರು — ಹಾಳೆಗಳಿಗೆ ಸಾರಿನ ಕಲೆ ಅಂಟಿತ್ತು. ಕಾಲೇಜು ಹುಡುಗರು ಎರಡೆರಡು ಸಲ ಕೂತು ಪಾಸು ಮಾಡುವುದನ್ನು ಅವರು ಒಂದೇ ಸಲಕ್ಕೆ ಮುಗಿಸಿ ಬಂದರು. ಎಲ್ಲರೂ ನನ್ನನ್ನು ಸಾ, ಅಣ್ಣ ಎನ್ನುತ್ತಿದ್ದರೆ ಅವರು ಮಾತ್ರ ಮೇಷ್ಟ್ರೇ ಎನ್ನುತ್ತಿದ್ದರು. ನನಗೆ ಅದು ಬಹಳ ಇಷ್ಟವಾಗುತ್ತಿತ್ತು.

ಮತ್ತೆ ಅವರ ಓಡಿಸುವ ರೀತಿ — ಅದನ್ನು ಹೇಗೆ ಹೇಳಲಿ. ಬಿಳಿಕೆರೆಯ ಕಡೆ ಹೋಗುವ ರಸ್ತೆಯಲ್ಲಿ, ಲಾರಿಗಳ ಮಧ್ಯೆ, ಅವರು ಗಾಬರಿಯಾದದ್ದನ್ನು ನಾನು ಕಾಣಲಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಗೇರ್ ಬದಲಿಸುತ್ತಿದ್ದರು. ಕೆಲವು ದಿನಗಳಾದ ಮೇಲೆ ನನ್ನ ಕಡೆಯ ಪೆಡಲುಗಳ ಮೇಲೆ ಕಾಲಿಡುವುದನ್ನೇ ಬಿಟ್ಟೆ. ಅಷ್ಟು ವರ್ಷಗಳಲ್ಲಿ ನನ್ನ ಕಾಲಿನ ಹಂಗಿಲ್ಲದೆ ಓಡಿಸಲು ಕಲಿತವರು ಅವರೊಬ್ಬರೇ ಇರಬೇಕು. ನಾನು ಹಿಗ್ಗಬೇಕಾಗಿತ್ತು. ಆದರೆ ನಿಜ ಹೇಳಬೇಕೆಂದರೆ — ನನಗೆ ಕಸಿವಿಸಿಯಾಗುತ್ತಿತ್ತು. ಈ ಹೆಂಗಸಿಗೆ ನಾನು ಬೇಕಾಗಿಯೇ ಇಲ್ಲವಲ್ಲ ಎನ್ನಿಸುತ್ತಿತ್ತು.

ಟೆಸ್ಟಿಗೆ ಎರಡು ದಿನ ಇರುವಾಗ ನಂಜುಂಡ ಬಂದ. ಚಿಕ್ಕಣ್ಣನ ತಮ್ಮ, ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು. ಟೀ ಅಂಗಡಿಗೆ ಕರೆದುಕೊಂಡು ಹೋಗಿ, ಅದೂ ಇದೂ ಮಾತಾಡಿ, ಕಡೆಗೆ ಹೇಳಿದ: "ನಮ್ಮತ್ಗೆ ಪಾಸಾಗ್ಬಾರ್ದು ಕಣ್ಲಾ. ಗೂಡ್ಸ್ ಗಾಡಿ ಓಡುಸ್ಕಂಡು ಸಂತೆ ಸಂತೆ ಸುತ್ತುದ್ರೆ ನಮ್ ಮರ್ವಾದೆ ಏನಾಗ್ಬೇಕು? ಗಾಡಿ ನಾನ್ ನೋಡ್ಕತೀನಿ. ನಿನ್ ಕೈಲಾಗ್ದೇ ಇರೋದು ಏನೈತೆ ಬುಡು."

ಗಾಡಿಯ ಮೇಲೆ ಅವನ ಕಣ್ಣಿದೆ ಎಂಬುದು ನನಗೆ ಅಲ್ಲಿಯೇ ತಿಳಿಯಿತು. ಆಗಲ್ಲ ಎನ್ನಬಹುದಿತ್ತು. ಅವನು ಬೇಜಾರು ಮಾಡಿಕೊಳ್ಳುತ್ತಿದ್ದ, ಒಂದು ತಿಂಗಳು ಮಾತು ಬಿಡುತ್ತಿದ್ದ, ಅಷ್ಟೇ. ನಾನು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ನಕ್ಕು, ಟೀ ಮುಗಿಸಿ ಎದ್ದೆ. ಸ್ನೇಹಕ್ಕೆ ಕಟ್ಟುಬಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಒಳಗಿನ ಆ ಕಸಿವಿಸಿಗೆ ಅವನು ಒಂದು ದಾರಿ ತೋರಿಸಿದ, ನಾನು ಹೋದೆ.

ಟೆಸ್ಟಿನ ದಿನ ಸಾಕಮ್ಮನವರು ಒಗೆದ ಸೀರೆ ಉಟ್ಟು, ಮಗಳನ್ನೂ ಜೊತೆಗೆ ಕರೆದುಕೊಂಡು ಬಂದಿದ್ದರು. ರಂಜಿತಾಗೆ ಆಗ ಹತ್ತು ವರ್ಷವಿರಬಹುದು. ಬೇಲಿಯ ಹತ್ತಿರ ನಿಂತು ಅಮ್ಮನನ್ನೇ ನೋಡುತ್ತಿದ್ದಳು. ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಮತ್ತೆ ಎತ್ತಬೇಕು. ಸಾಕಮ್ಮನವರು ನಿಲ್ಲಿಸಿದರು, ಕ್ಲಚ್ಚನ್ನು ಅರ್ಧ ಬಿಟ್ಟರು, ಗಾಡಿ ಮುಂದಕ್ಕೆ ಹೊರಟಿತು — ಆಗ ನಾನು ನನ್ನ ಕಡೆಯ ಬ್ರೇಕ್ ಒತ್ತಿದೆ. ಗಾಡಿ ಗಕ್ಕೆಂದು ಆಫ್ ಆಯಿತು. ಅವರು ಬೆಚ್ಚಿ ನನ್ನ ಕಡೆ ತಿರುಗಿದರು. ನಾನು ಆಚೆ ನೋಡುತ್ತಿದ್ದೆ. ಮತ್ತೆ ಎತ್ತಿದರು, ಮತ್ತೆ ಒತ್ತಿದೆ.

ಒಂದು ವಾರ ಬಿಟ್ಟು ಮತ್ತೆ ಟೆಸ್ಟ್ ಕೊಡಬಹುದು. ಕೊಟ್ಟರು. ಆ ವಾರವೆಲ್ಲ ನನ್ನಲ್ಲಿ ಕಲಿಯುವಾಗ ಒಂದು ತಪ್ಪೂ ಇಲ್ಲದೆ ಓಡಿಸಿದವರು, ಮೈದಾನಕ್ಕೆ ಬರುವ ಹೊತ್ತಿಗೆ ಬೆವರುತ್ತಿದ್ದರು. ಈ ಸಲ ಹಿಂದಕ್ಕೆ ತೆಗೆಯುವಾಗ ಒತ್ತಿದೆ. ಇಳಿದು ಬಂದ ಮೇಲೆ, ನನ್ನ ಕೈಲಿ ಯಾಕೆ ಆಗ್ತಿಲ್ಲ ಮೇಷ್ಟ್ರೇ ಎಂದು ಕೇಳಿದರು. ಆಗಲಾದರೂ ನಾಲಗೆ ಹಿಡಿದುಕೊಳ್ಳಬಹುದಿತ್ತು. ನಾನು ದೊಡ್ಡ ಮನುಷ್ಯನ ಹಾಗೆ ಹೇಳಿದೆ: "ಕೆಲವ್ರಿಗೆ ಪೆಡಲ್ ಮೇಲೆ ಕಾಲು ಕೂಡಲ್ಲ ಕಣಮ್ಮ. ಅದು ಹುಟ್ತಾನೇ ಬರ್ಬೇಕು. ಸುಮ್ನೆ ಯಾಕೆ ಒದ್ದಾಡ್ತೀರಿ, ಬುಟ್ಬುಡಿ."

ಅವರು ತಲೆಯಾಡಿಸಿದರು. ನನಗೆ ಕೈಮುಗಿದು, ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ ಎಂದು ಹೇಳಿ, ಮಗಳ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಗಾಡಿ ನಂಜುಂಡನ ಪಾಲಾಯಿತು. ಮಾರನೆಯ ವರ್ಷ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ನನ್ನ ಮುಂದೆಯೇ ಆ ಗಾಡಿ ನಿಂತಿತ್ತು. ಹಿಂದೆ ಶುಂಠಿ ಕೀಳಲು ಹೋಗುವ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಅವರಲ್ಲಿ ಸಾಕಮ್ಮನವರೂ ಇದ್ದರು. ತಮ್ಮದೇ ಗಾಡಿಯ ಹಿಂಭಾಗದಲ್ಲಿ ಕೂಲಿಗೆ ಹೊರಟಿದ್ದರು. ನನ್ನನ್ನು ಕಂಡು ನಕ್ಕು, ಚೆನ್ನಾಗಿದೀರಾ ಮೇಷ್ಟ್ರೇ ಎಂದರು. ನಾನೂ ನಕ್ಕೆ — ಹೇಗೆ ನಕ್ಕೆನೋ. ಆಮೇಲೆ ಆ ಕಡೆ ಹೋಗಬೇಕಾದರೆ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಕೆಲವು ವರ್ಷಕ್ಕೆ ನಂಜುಂಡ ಗಾಡಿ ಮಾರಿಕೊಂಡು ಕೇರಳದ ಕಡೆ ಹೋದ. ನಾನು ಮರೆತೆ ಎಂದುಕೊಂಡೆ.

ಈ ವರ್ಷ ಇಬ್ಬರು ಹುಡುಗಿಯರು ನಮ್ಮಲ್ಲಿಗೆ ಬಂದರು. ಒಬ್ಬಳು ಸೇರಿಕೊಂಡಳು, ಇನ್ನೊಬ್ಬಳು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ನೀನೂ ಕಲಿಯಬಾರದೇನಮ್ಮ ಎಂದೆ. ಹುಡುಗಿ ನಾಚಿಕೊಂಡು, ಯಾವುದೇ ಬೇಸರವಿಲ್ಲದೆ, ಬಣ್ಣ ಕಪ್ಪು ಎಂದೋ ಕೂದಲು ಗುಂಗುರು ಎಂದೋ ಹೇಳುವ ಹಾಗೆ ಹೇಳಿದಳು: "ನಂಗ್ ಬರಲ್ಲ ಸಾ. ನಮ್ಮವ್ವಂಗೆ ಕಾಲು ಕೂಡ್ಲಿಲ್ಲ. ನಂದೂ ಅವ್ವನ ಕಾಲೇ." ಯಾವ ಊರಮ್ಮ ಎಂದೆ. ಹನಗೋಡು ಎಂದಳು. ಅಪ್ಪ ಹೋದ ವರ್ಷ ತೀರಿಕೊಂಡರು ಎಂದೂ ಹೇಳಿದಳು.

ಅಂದು ಬೇಲಿಯ ಹತ್ತಿರ ನಿಂತಿದ್ದ ರಂಜಿತಾ ಅವಳು. ತಾಯಿಗೆ ಹೇಳಿದ ಒಂದು ಸುಳ್ಳು ಆ ಮಗುವಿನ ಮೈಯೊಳಗೆ ಹೋಗಿ ಕೂತಿದೆ, ಅದನ್ನು ಕೀಳದೆ ನಾನು ಹೇಗೆ... ಭಾನುವಾರ ಹನಗೋಡಿಗೆ ಹೋದೆ. ಸಾಕಮ್ಮನವರು ಜಗುಲಿಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದರು. ಬನ್ನಿ ಮೇಷ್ಟ್ರೇ ಎಂದು ಎದ್ದು ಚಾಪೆ ಹಾಸಿದರು. ಚಾಪೆಯ ಮೇಲೆ ಕೂರದೆ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ನಂಜುಂಡ ಹೇಳಿದ ಎಂದೆ, ಆದರೆ ಒತ್ತಿದ್ದು ನಾನು ಎಂದೂ ಹೇಳಿದೆ. ರಂಜಿತಾ ಬಾಗಿಲಿನಲ್ಲಿ ನಿಂತು ಕೇಳುತ್ತಿದ್ದಳು.

ಸಾಕಮ್ಮನವರು ತಾವೇ ಆ ಚಾಪೆಯ ಮೇಲೆ ಕೂತರು. ಆಮೇಲೆ ಕೇಳಿದರು: "ಎಲ್ಡ್ನೇ ಸಲಾನೂ ನನ್ನಿಂದ ಆಫ್ ಆಗಿದ್ದಲ್ವಾ?"

"ಅಲ್ಲಮ್ಮ."

ಅವರು ಬಯ್ಯಲಿಲ್ಲ. ಬೈದಿದ್ದರೆ, ಮೊರ ತೆಗೆದು ಎಸೆದಿದ್ದರೆ, ಎಷ್ಟೋ ಚೆನ್ನಾಗಿತ್ತು. ನೆಲ ನೋಡುತ್ತಾ ನಿಧಾನವಾಗಿ ಹೇಳಿದರು: "ನಮ್ಮನೇವ್ರು ಸಾಯೋಗಂಟ ಹೇಳ್ತಿದ್ರು. ನೀನ್ ಸರ್ಯಾಗೇ ಓಡ್ಸಿರ್ತೀಯ ಕಣೇ, ನಂಗೊತ್ತು, ಅಲ್ಲಿ ಇನ್ನೇನೋ ಆಗೈತೆ ಅಂತ. ಮೇಷ್ಟ್ರು ಯಾಕ್ ಸುಳ್ ಹೇಳ್ತಾರೆ, ಸುಮ್ಕಿರಿ ಅಂತ ನಾನೇ ಅವ್ರ ಬಾಯ್ ಮುಚ್ಚುಸ್ತಿದ್ದೆ."

ರಂಜಿತಾಳಿಗೆ ನಾನೇ ಕಲಿಸಿಕೊಡುತ್ತೇನೆ ಎನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿ, "ಅವ್ಳು ಕಲೀತಾಳೆ. ನಿಮ್ಮತ್ರ ಬ್ಯಾಡ" ಎಂದರು. ಅಷ್ಟು ಹೇಳಿ ಎದ್ದು ಒಳಗೆ ಹೋದರು. ಗೋಡೆಯ ಮೇಲೆ ಚಿಕ್ಕಣ್ಣನ ಫೋಟೋ ಇತ್ತು. ಸೆರಗಿನಿಂದ ಅದರ ಗಾಜು ಒರೆಸಿ, ಮನೆಯೊಳಗೆ ಇರುವವರ ಜೊತೆ ಮಾತಾಡುವ ದನಿಯಲ್ಲಿಯೇ ಹೇಳಿದರು:

"ನೀವಂದಿದ್ದೇ ದಿಟ ಕಣ್ರೀ."

ಆಗ ಅವರಿಗೆ ಅಳು ಬಂತು. ಮಗಳು ಓಡಿಹೋಗಿ ತಬ್ಬಿಕೊಂಡಳು. ನಾನು ಅಲ್ಲಿ ನಿಲ್ಲಬಾರದಾಗಿತ್ತು, ಹೊರಟುಬಂದೆ.