ಶರಣಮ್ಮನ ಒಣ ಕಲ್ಲುಗಳು

ಲೀಡ್ಸಿನ ಆ ಮನೆಯ ಮೇಲಂತಸ್ತಿಗೆ ಬಾಡಿಗೆಗೆ ಬಂದ ಹೊಸತರಲ್ಲಿ ಯಶಸ್, ಅಂದರೆ ಇದನ್ನು ಬರೆಯುತ್ತಿರುವ ಮಹಾಶಯ, ಮನೆಯವರನ್ನು ಮೆಚ್ಚಿಸಲು ಒಂದು ಘನಕಾರ್ಯ ಮಾಡಿದ. ಹಿತ್ತಲಿನ ಗಾಜಿನ ಕೋಣೆಯಲ್ಲಿ, ಬಿಗಿಯಾಗಿ ಮುಚ್ಚಿದ ಡಬ್ಬಿಗಳೊಳಗೆ ಕಪ್ಪು ಗುಂಡುಕಲ್ಲುಗಳಿದ್ದವು. ಮನೆಯವರು ಲಿಂಗಾಯತರು, ಕಲ್ಲು ಕಪ್ಪಗೆ ಗುಂಡಗಿದೆ, ಸಾಲದ್ದಕ್ಕೆ ಶ್ರಾವಣ ಸೋಮವಾರ. ಹಗಲೆಲ್ಲ ಮನೆಗಂದಾಯ ಕಟ್ಟುವ ವೆಬ್‌ಸೈಟಿನ ಗುಂಡಿಗಳು ಸರಿಯಿವೆಯೇ ಎಂದು ಒತ್ತಿ ಒತ್ತಿ ನೋಡುವುದೇ ಹೊಟ್ಟೆಪಾಡಾದವನಿಗೆ ಇಷ್ಟು ತರ್ಕ ಧಾರಾಳವಾಯಿತು. ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ಹೊರತೆಗೆದು, ಹಾಲು ಸುರಿದು, ನೀರೆರೆದು, ಮೂರು ಬೆರಳ ವಿಭೂತಿ ಎಳೆದು ಕೈಮುಗಿದು ನಿಂತ.

ಹೊರಗಿಂದ ಬಂದ ಶರಣಮ್ಮ ಬಾಗಿಲಲ್ಲೇ ನಿಂತರು.

“ಏನಪಾ ಇದು?”

“ಅಭಿಷೇಕ ಆಂಟಿ. ನಿಮ್ಮ ದೇವರಿಗೆ.”

“ನಮ್ಮ ದೇವರು ನನ್ನ ಕೊರಳಾಗ ಅದಾನ. ಡಬ್ಬಿಯೊಳಗ ಅದಾನಂತ ಯಾರು ಹೇಳಿದ್ರು ನಿನಗ?” ಮಾತಾಡುತ್ತಲೇ ಆಕೆ ಕಾರ್ಡಿಗನ್ ತೋಳಿನಿಂದ ಕಲ್ಲು ಒರೆಸತೊಡಗಿದ್ದರು. “ಇದು ಮೂವತ್ತೊಂದು ಕೋಟಿ ವರ್ಷದ ಹಳೇ ಗಿಡ. ಭೂಮಿಯೊಳಗ ಇರೋತನಕ ಏನೂ ಆಗಿದ್ದಿಲ್ಲ. ಈಗ ನಿನ್ನ ಹಾಲಿಗೆ ಕೊಳೀತದ.”

ಒಳಗೆ ಪೇಪರ್ ಓದುತ್ತಿದ್ದ ಗಂಡ, ನಿವೃತ್ತ ಡಾಕ್ಟರು ಚಿದಾನಂದ, ತಲೆ ಎತ್ತದೆ ಅಂದರು: “ಬೈಬ್ಯಾಡ ಹುಡುಗಗ. ಲಗ್ನ ಆದಾಗಿಂದ ನನಗೇ ಇಷ್ಟು ಪೂಜಿ ಆಗಿಲ್ಲ.”

ಯಶಸ್ ನಕ್ಕ. ಶರಣಮ್ಮ ನಗಲಿಲ್ಲ. ಆ ಕಲ್ಲುಗಳು ಡಬ್ಬಿ ಸೇರಿದ ಕತೆ ತಿಳಿದ ಮೇಲೆ ಅವನಿಗೂ ನಗು ಬರಲಿಲ್ಲ.

ಶರಣಮ್ಮ ಕಲಬುರಗಿಯವರು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ಡಾಕ್ಟರ ಹೆಂಡತಿಯಾಗಿ ಇಂಗ್ಲೆಂಡಿಗೆ ಬಂದರು. ಆಸ್ಪತ್ರೆಯ ಹಗಲು ರಾತ್ರಿಯ ಪಾಳಿ ಗಂಡನನ್ನು ನುಂಗಿಹಾಕಿತ್ತು. ಸುಮ್ಮನೆ ಕೂರಲಾರದೆ, ರೈಲಿನಲ್ಲಿ ಹೋಗಿಬರುವಷ್ಟು ದೂರದ ಒಂದು ವಿಶ್ವವಿದ್ಯಾಲಯದಲ್ಲಿ (ಹೆಸರು ಬೇಡ, ಅದಕ್ಕೆ ನಾಚಿಕೆ ಇಲ್ಲದಿದ್ದರೂ ನಮಗಿದೆ) ಕಲ್ಲು ಕೊಯ್ಯುವ ಸಹಾಯಕಿಯಾಗಿ ಸೇರಿದರು. ಕಲ್ಲಿದ್ದಲಿನ ಪದರಗಳ ನಡುವೆ ಅಪರೂಪಕ್ಕೆ ಇಂಥ ಗುಂಡುಕಲ್ಲು ಸಿಗುತ್ತವೆ. ಅಂದಿನ ಜೌಗು ಕಾಡು ಕಲ್ಲಿದ್ದಲಾಗುವ ಮೊದಲೇ ಸುಣ್ಣ ಇಳಿದು ಗಟ್ಟಿಯಾದ ತುಣುಕುಗಳು ಅವು. ಕೊಯ್ದು, ಆಮ್ಲದಲ್ಲಿ ತೊಳೆದು, ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ ಎಳೆದರೆ ಆ ಕಾಲದ ಗಿಡದ ಕಣ ಕಣವೂ ಹಾಳೆಗೆ ಹತ್ತಿಕೊಂಡು ಬರುತ್ತದೆ. “ಹಾಳಿ ಮ್ಯಾಲಿನ ಸಂಡಿಗಿ ಬಿಡಿಸಿದಂಗ. ಅವಸರ ಮಾಡಿದ್ರ ಹರೀತದ” ಎನ್ನುವರು ಶರಣಮ್ಮ.

ಹೀಗೆ ಬಿಡಿಸುತ್ತಲೇ ಪಿಎಚ್‌ಡಿ ಮುಗಿಸಿದರು. ದೊಡ್ಡ ಮರದ ಬೇರು ಎಂದು ಎಲ್ಲರೂ ಪಕ್ಕಕ್ಕಿಟ್ಟಿದ್ದ ಒಂದು ಎಳೆಯ ಬೆನ್ನು ಹತ್ತಿ, ಅದು ಬೇರಲ್ಲ, ಮರಕ್ಕೆ ಹಬ್ಬಿದ ಬಳ್ಳಿ ಎಂದು ತೋರಿಸಿಕೊಟ್ಟರು. ಅವರ ಪ್ರೊಫೆಸರು ಆ ಬಳ್ಳಿಯನ್ನು ಹಿಡಿದುಕೊಂಡು ಊರೂರಿನ ವೇದಿಕೆ ಹತ್ತಿದರು; ಹೋದಲ್ಲೆಲ್ಲ “ನಮ್ಮ ಬಳ್ಳಿ” ಎಂದರು. ಹೆತ್ತವಳು ಒಬ್ಬಳು, ತೊಟ್ಟಿಲ ಮುಂದೆ ಫೋಟೋಕ್ಕೆ ನಿಂತವರು ಇನ್ನೊಬ್ಬರು. ಶರಣಮ್ಮನಿಗೆ ದಕ್ಕಿದ್ದು ವರ್ಷಕ್ಕೊಮ್ಮೆ ಉಸಿರು ಬಿಗಿಹಿಡಿದು ಕಾಯಬೇಕಾದ ಗುತ್ತಿಗೆಯ ಕೆಲಸ. ಕೊನೆಗೆ ಅದೂ ಹೋಗಿ ‘ಗೌರವ ಸಂಶೋಧಕಿ’ ಆದರು. ಅಂದರೆ ಸಂಬಳವಿಲ್ಲ, ಒಳಗೆ ಹೋಗಲು ಒಂದು ಪಾಸು ಮಾತ್ರ. ಆ ಪಾಸಿನಿಂದ ಸೂಕ್ಷ್ಮದರ್ಶಕ ಸಿಗುತ್ತಿತ್ತು, ಹಿಡಿದ ಕೊನೆಯ ಕೆಲಸ ಮುಂದುವರಿಯುತ್ತಿತ್ತು. ಅದಕ್ಕೇ ಸುಮ್ಮನಿದ್ದರು.

ಆದರೆ ಕಲ್ಲುಗಳ ವಿಷಯ ಬಂದಾಗ ಸುಮ್ಮನಿರಲಾಗಲಿಲ್ಲ. ಅವನ್ನೆಲ್ಲ ಕೂಡಿಟ್ಟಿದ್ದ ವಿಶ್ವವಿದ್ಯಾಲಯದ ನೆಲಮಾಳಿಗೆಯನ್ನು ಕಾಫಿ ಅಂಗಡಿ ಮಾಡಬೇಕೆಂದು ಕಟ್ಟಡ ವಿಭಾಗದ ಮುಖ್ಯಸ್ಥನಿಗೆ ಜ್ಞಾನೋದಯವಾಯಿತು. ಕಲ್ಲುಗಳು ಊರಾಚೆಯ ಕಬ್ಬಿಣದ ಕಂಟೇನರಿಗೆ. ಶರಣಮ್ಮ ಸಭೆಯಲ್ಲಿ ಎದ್ದು ನಿಂತು ಹೇಳಿದರು: ಈ ಕಲ್ಲುಗಳೊಳಗೆ ಗಂಧಕ ಬೆರೆತ ಕಬ್ಬಿಣವಿದೆ, ತೇವ ತಾಗಿದರೆ ಅದು ಆಮ್ಲವಾಗುತ್ತದೆ, ಕಲ್ಲು ಒಳಗಿನಿಂದಲೇ ತನ್ನನ್ನು ತಾನು ತಿಂದುಕೊಳ್ಳುತ್ತದೆ. ಇವು ಬಂದ ಗಣಿಗಳು ಮುಚ್ಚಿ ನೀರು ತುಂಬಿ ಎಷ್ಟೋ ಕಾಲವಾಯಿತು, ಇನ್ನೊಂದು ಕಲ್ಲು ಬೇಕೆಂದರೂ ಸಿಗುವುದಿಲ್ಲ.

“ಎಲ್ಲದರ ಫೋಟೋ ತೆಗೆದಿಡುತ್ತೇವೆ” ಎಂದ ಮುಖ್ಯಸ್ಥ, ಬಹಳ ಸೌಜನ್ಯದಿಂದ.

“ಫೋಟೋ ತೆಗೆದ ಮೇಲೆ ನಿಮ್ಮ ಅಜ್ಜಿಯನ್ನ ಮಳೆಯಲ್ಲಿ ನಿಲ್ಲಿಸ್ತೀರಾ?”

ಪ್ರೊಫೆಸರು ಬಿಸ್ಕತ್ತು ತೆಗೆದುಕೊಂಡರು.

ಚಳಿಗಾಲ ಕಳೆದ ಮೇಲೆ, ಕೇಳಿ ಕೇಳಿ ಕೀಲಿ ಪಡೆದು ಕಂಟೇನರ್ ತೆಗೆದರೆ ಮೂಗಿಗೆ ಮೊದಲು ಬಡಿದದ್ದು ಗಂಧಕದ ವಾಸನೆ. ಸೂರು ಸೋರಿತ್ತು. ಡ್ರಾಯರುಗಳಲ್ಲಿ ಕಲ್ಲಿನ ಬದಲು ಹಳದಿ ಬಿಳಿ ಪುಡಿ. ಮೂವತ್ತೊಂದು ಕೋಟಿ ವರ್ಷ ತಾಳಿಕೊಂಡದ್ದು ಇವರ ಕೈಯಲ್ಲಿ ಒಂದು ಚಳಿಗಾಲ ತಾಳಲಿಲ್ಲ. ಶರಣಮ್ಮ ಅಳಲಿಲ್ಲ. ಗಟ್ಟಿಯಿದ್ದವನ್ನು ಆರಿಸಿ ಆರಿಸಿ ಕಾರಿನ ಡಿಕ್ಕಿಗೆ ತುಂಬಿದರು. ಬಳ್ಳಿಯ ಕಲ್ಲೂ ಅವುಗಳಲ್ಲಿತ್ತು. ಯಶಸ್ ಮುಂದೊಂದು ದಿನ ಹಾಲೆರೆದದ್ದು ಆ ಕಲ್ಲಿಗೇ. ಅವನ ಅದೃಷ್ಟ ಯಾವಾಗಲೂ ಹಾಗೆಯೇ. ಅಂದಿನಿಂದ ಅವನು ಪ್ರಾಯಶ್ಚಿತ್ತವಾಗಿ ಆಫೀಸಿನವರ ಹೊಸ ಶೂ ಡಬ್ಬಿಗಳಿಂದ ತೇವ ಹೀರುವ ಪೊಟ್ಟಣ ಬೇಡಿ ತರುತ್ತಿದ್ದ. ಇಡೀ ಆಫೀಸು ಅವನಿಗೆ ತಲೆಕೆಟ್ಟಿದೆ ಎಂದುಕೊಂಡಿತು. ಅದು ಹೊಸ ಅಭಿಪ್ರಾಯವೇನಲ್ಲ.

ಒಂದು ಮ್ಯೂಸಿಯಂ ಕಲ್ಲುಗಳನ್ನು ತೇವವಿಲ್ಲದ ಕೋಣೆಯಲ್ಲಿ ಇಟ್ಟುಕೊಳ್ಳಲು ಒಪ್ಪಿತು, ಒಡೆಯರ ಒಪ್ಪಿಗೆ ಇದ್ದರೆ ಮಾತ್ರ. ಶರಣಮ್ಮ ಒಪ್ಪಿಗೆ ಕೇಳಿದ್ದೇ ತಡ, ಪುಡಿಯಾಗುವಾಗ ಕಣ್ಣು ಬಿಡದ ವಿಶ್ವವಿದ್ಯಾಲಯಕ್ಕೆ ‘ನಮ್ಮ ಆಸ್ತಿ’ ನೆನಪಾಯಿತು. ಯಾವ ಕಲ್ಲು? ಎಲ್ಲಿವೆ? ವಿಚಾರಣೆಗೆ ಬನ್ನಿ.

ವಿಚಾರಣೆಯ ಹಿಂದಿನ ಸಂಜೆ ಪ್ರೊಫೆಸರು ಫೋನು ಮಾಡಿದರು. “ಸಾಗಿಸುವಾಗ ಕಳೆದುಹೋಗಿರಬಹುದು ಅನ್ನಿ ಸಾಕು, ಶರಣ್. ಫೈಲು ಮುಚ್ಚುತ್ತಾರೆ. ನಿಮ್ಮ ಪಾಸೂ ಉಳಿಯುತ್ತದೆ.”

ಶರಣಮ್ಮ ಫೋನಿಟ್ಟು ಗಂಡನ ಕಡೆ ನೋಡಿದರು. “ಕಳದಾವ ಅಂದ್ರ, ಮ್ಯೂಸಿಯಮ್ಮಿಗೆ ಕೊಡೋದು ಹ್ಯಾಂಗ?”

“ಕೊಡ್ಲಿಕ್ಕೆ ಬರೂದಿಲ್ಲ” ಎಂದರು ಚಿದಾನಂದ. “ಇದ್ದಾವ ಅಂದ್ರ ನಿನ್ನ ಪಾಸು ಇರೂದಿಲ್ಲ.”

“ಹೌದಲ್ಲ” ಎಂದು ಆಕೆ ರೊಟ್ಟಿ ತಟ್ಟಲು ಹೋದರು. ಅಂದಿನ ರೊಟ್ಟಿಯ ಸದ್ದು ಮೇಲಂತಸ್ತಿಗೂ ಕೇಳಿಸಿತು.

ಮರುದಿನ ವಿಚಾರಣೆ ನಡೆದದ್ದು ಆ ಹೊಸ ಕಾಫಿ ಅಂಗಡಿಯ ಪಕ್ಕದ ಕೋಣೆಯಲ್ಲಿ. ಪ್ರೊಫೆಸರು ಮೇಜು ನೋಡುತ್ತಿದ್ದರು. ಕಟ್ಟಡ ವಿಭಾಗದ ಮುಖ್ಯಸ್ಥ ಗಂಟಲು ಸರಿಮಾಡಿಕೊಂಡ.

“ಡಾಕ್ಟರ್, ಈ ಪ್ರಶ್ನೆ ಕೇಳಲು ನನಗೂ ಮುಜುಗರ. ವಿಶ್ವವಿದ್ಯಾಲಯದ ಆಸ್ತಿಯನ್ನು ಅನುಮತಿಯಿಲ್ಲದೆ ನಿಮ್ಮ ಮನೆಗೆ ಒಯ್ದಿದ್ದೀರಾ?”

ಶರಣಮ್ಮ ಕೊರಳಿನ ಪಾಸು ತೆಗೆದು ಮೇಜಿನ ಮೇಲಿಟ್ಟರು.

“ಹೌದು, ಕದ್ದಿದ್ದೇನೆ. ಡಿಕ್ಕಿ ತುಂಬಿತು ಅಂತ ನಿಲ್ಲಿಸಿದೆ.”