ಎಣ್ಣೆ ಕಲೆ ಬಿದ್ದ ಪುಸ್ತಕಗಳು

ಅಡುಗೆ ಪುಸ್ತಕವನ್ನು ಮೂಸಿ ನೋಡಿ ಕೊಳ್ಳುವವರನ್ನು ನೀವು ಕಂಡಿದ್ದೀರಾ? ಇಲ್ಲದಿದ್ದರೆ ಈಗ ನನ್ನನ್ನು ಕಂಡಿರಿ ಅಂದುಕೊಳ್ಳಿ. ಮೊನ್ನೆ ಬಳ್ಳಾರಿಯ ಬಸ್‌ಸ್ಟ್ಯಾಂಡ್ ಹತ್ತಿರ ಹಳೇ ಪುಸ್ತಕ ಮಾರುವವನ ಮುಂದೆ ಕೂತು, ಒಂದು ತೆಲುಗು ಅಡುಗೆ ಪುಸ್ತಕವನ್ನು ಮೂಗಿಗೆ ಹಿಡಿದಿದ್ದೆ. ಇಂಗಿನ ವಾಸನೆ, ಒಂದಿಷ್ಟು ಎಣ್ಣೆಯ ಕಮಟು. "ಯಮ್ಮಾ, ಅದು ತಿನ್ನೂದಲ್ಲ, ಓದೂದು" ಅಂದ ಅವನು. ನಗು ಬರಬೇಕಿತ್ತು, ಬಂದದ್ದು ನಾಗರತ್ನಕ್ಕನ ನೆನಪು.

ಮೂಸುವ ವಿದ್ಯೆ ಆಕೆಯದೇ. ನಮ್ಮ ಓಣಿಯ ಐದಾರು ಹೆಂಗಸರು ತಿಂಗಳಿಗೊಮ್ಮೆ ಸೇರಿ, ಒಂದೇ ಪುಸ್ತಕ ನೋಡಿಕೊಂಡು ಅಡುಗೆ ಮಾಡುತ್ತಿದ್ದೆವು. ಪುಸ್ತಕ ಆರಿಸುವುದು ಪಕ್ಕದ ಮನೆಯ ನಾಗರತ್ನಕ್ಕ. ಹೊಳೆಯುವ ಹಾಳೆ, ಬಣ್ಣದ ಫೋಟೋ ಕಂಡರೆ ಆಕೆಗಾಗದು. "ಎಣ್ಣಿ ಕಲಿ ಬಿದ್ದಿಲ್ಲ ಅಂದ್ರ ಯಾರೂ ಮಾಡಿ ನೋಡಿಲ್ಲ ಅಂತ. ನಾವ್ಯಾಕ ಮೊದಲ ಸಾಯೂದು?" ಅನ್ನುತ್ತಿದ್ದಳು.

ಸಿರುಗುಪ್ಪದಾಕೆ. ಕನ್ನಡ ನಮಗಿಂತ ಚುರುಕಾಗಿ ಆಡುತ್ತಿದ್ದಳು, ಓದಲು ಮಾತ್ರ ತೆಲುಗೇ ಬರುತ್ತಿದ್ದುದು. ಹಾಗಾಗಿ ಪುಸ್ತಕಗಳೆಲ್ಲ ತೆಲುಗು. ಆಕೆ ಓದುವುದು, ನಾವು ಮಾಡುವುದು. ನಡುನಡುವೆ ಬರೆದವರನ್ನೇ ಬೈಯುವಳು: "ಇಷ್ಟು ಖಾರಾ ಹಾಕಿದ್ರ ಇವನ ಹೆಂಡ್ತಿ ಮನ್ಯಾಗ ಇರ್ತಾಳೇನು?"

ನಾನೋ ಕುರುಗೋಡಿನವಳು. ತೆಲುಗು ಅರ್ಧ ತಿಳಿಯುತ್ತದೆ, ಉಳಿದರ್ಧ ತಿಳಿದಂತೆ ಮುಖ ಮಾಡುತ್ತೇನೆ. ಒಮ್ಮೆ ಆಕೆ, "ಸಗಂ ಪಾಲು ಪಕ್ಕನ ಪೆಟ್ಟಂಡಿ" ಅಂತ ಓದಿದಳು. ನಾನು ನಾದಿದ ಅಕ್ಕಿಹಿಟ್ಟಿನಲ್ಲಿ ಸರಿಯಾಗಿ ಅರ್ಧ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ.

"ಅದು ಯಾರ ಪಾಲು ತಂಗೀ?" ಅಂದಳು.

"ನನಗೇನ್ ಗೊತ್ತು? ಅರ್ಧ ಪಾಲು ಪಕ್ಕಕ್ಕಿಡ್ರಿ ಅಂತ ನೀನ ಓದಿದಿ."

ತೆಲುಗಿನಲ್ಲಿ ಪಾಲು ಅಂದರೆ ಹಾಲು. ಆಕೆ ನಕ್ಕು ನಕ್ಕು ಗೋಡೆ ಹಿಡಿದು ಕೂತಳು. ಓಣಿಯಲ್ಲಿ ವಾರಗಟ್ಟಲೆ ನನ್ನ ಮಾನ ಹೋಯಿತು.

ಆಮೇಲೆ ಆಕೆಯ ಕಣ್ಣು ಮಂಜಾದವು. ಆಪರೇಷನ್ ಆದರೂ ಬೆಳಕು ಬರಲಿಲ್ಲ. ಸಿರುಗುಪ್ಪದಿಂದ ತಮ್ಮ ಬಂದು ಕರೆದುಕೊಂಡು ಹೋದ. ನಮ್ಮ ಅಡುಗೆಯೂ ಅಲ್ಲಿಗೇ ನಿಂತಿತು. ಎಷ್ಟು ಸಲ ಕರೆದೆ! ಒಂದೇ ಉತ್ತರ: "ಕಣ್ಣಿಲ್ಲದಾಕಿ ಬಂದು ಏನ್ ಮಾಡ್ಲಿ? ಕೂತು ತಿನ್ನಾಕ ಬರ್ಲೇನು?" ಆ ಓದುವ ದನಿಯಿಲ್ಲದೆ ನನ್ನ ಅಡುಗೆಮನೆ ಭಣಭಣ ಅನ್ನುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯೇನು, ಒಗ್ಗರಣೆ ಹಾಕುತ್ತಾ ಅತ್ತದ್ದೂ ಉಂಟು.

ಈಗ ಓಣಿಯವರಿಗೆ ಮತ್ತೆ ಹುರುಪು ಬಂದಿದೆ. "ಈ ಸಲ ಫೋಟೋ ಇರೋ ಕನ್ನಡ ಪುಸ್ತಕ ತರ್ರಿ" ಅಂತ ನನ್ನನ್ನು ಕಳಿಸಿದ್ದರು. ನಾನು ತಂದದ್ದು ಆ ಇಂಗಿನ ವಾಸನೆಯ ತೆಲುಗು ಪುಸ್ತಕ.

"ಓದೋರು ಯಾರು?" ಅಂದಳು ಎದುರುಮನೆಯ ಗಿರಿಜಾ.

"ನಾನ."

ತೆಲುಗು ಅಕ್ಷರ ಹೆಚ್ಚುಕಡಿಮೆ ನಮ್ಮವೇ ಬಿಡಿ, ತಲೆಕಟ್ಟು ಬೇರೆ ಅಷ್ಟೆ. ನಾಗರತ್ನಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಮಾಡಿ, ಹಿಟ್ಟಿನ ಡಬ್ಬಿಗೆ ಒರಗಿಸಿದೆ. ಕಾಗುಣಿತ ಕೂಡಿಸುತ್ತಾ ಶುರು ಮಾಡಿದೆ: "ಗೋಂ... ಗೂ... ರ... ಪಪ್ಪು." ನಮ್ಮ ಪುಂಡಿಪಲ್ಯೆ ಅನ್ನುವ ಹುಳಿ ಸೊಪ್ಪಿನ ಬೇಳೆಸಾರು ಅದು.

"ಒಂದನೇ ಇಯತ್ತೆ ಹುಡುಗರಂಗ ಓದ್ತಿಯಲ್ಲ ತಂಗೀ" ಅಂದಳು ಆ ಕಡೆಯಿಂದ ನಾಗರತ್ನಕ್ಕ. ದನಿ ಒದ್ದೆಯಾಗಿತ್ತು. ಆಮೇಲೆ ತಮ್ಮನ ಹೆಂಡತಿಯನ್ನು ಕೂಗಿದ್ದು ಕೇಳಿಸಿತು. "ಶಾಂತಾ, ಆ ಪುಂಡಿಪಲ್ಯದ ಕಟ್ಟು ಇತ್ತಾಗ ಕೊಡವ್ವ, ಬ್ಯಾಳಿ ಇಡು. ಎಲಿ ಬಿಡಿಸಿ ಪಲ್ಯ ಸೋಸಾಕ ಕಣ್ಣು ಯಾಕ ಬೇಕು, ಬೆರಳು ಅದಾವಲ್ಲ." ಮತ್ತೆ ನನಗೆ: "ಹೂಂ, ಮುಂದ ಓದು."

ಓದಿದೆ. ಬೇಗ ಮುಗಿದುಬಿಟ್ಟೀತು ಅಂತ, ಬರುವ ಅಕ್ಷರಗಳಿಗೂ ತಡವರಿಸುತ್ತಾ ಓದಿದೆ.