ಮನೆಗಿಂತ ಮೊದಲು ಬಂದ ಗೇಟು

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ, ಹಯಾತ್ ಸಾಬರ ವೆಲ್ಡಿಂಗ್ ಶಾಪಿನ ಗೋಡೆಗೆ ಒಂದು ಗೇಟು ಬಹಳ ವರ್ಷ ಒರಗಿಕೊಂಡು ನಿಂತಿತ್ತು. ಎರಡು ಬಾಗಿಲಿನ, ಆಳೆತ್ತರದ, ನೀಲಿ ಬಳಿದ ಗೇಟು. ಮುಂಭಾಗದಲ್ಲಿ ಮೈತುಂಬ ಅಲೆಗಳು. ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಬಗ್ಗಿಸಿ ಒಂದರ ಮೇಲೊಂದು ಕೂರಿಸಿದ ಅಲೆಗಳು. ಹಿಂದುಗಡೆ ಮೇಲಿನಿಂದ ಕೆಳಗಿನವರೆಗೆ ಶೀಟು ಹೊಡೆದಿತ್ತು, ಬೀದಿಯವರ ಕಣ್ಣು ಒಳಗೆ ಬೀಳದಿರಲಿ ಎಂದು. ನಮ್ಮೂರಲ್ಲಿ ಶೀಟಿಲ್ಲದ ಗೇಟನ್ನು ಗೇಟು ಅನ್ನುವುದಿಲ್ಲ. ಅದಕ್ಕಿಂತ ದಣಪೆ ವಾಸಿ, ಬೇಲಿಯ ಸಂದಿಗೆ ಎರಡು ಬಿದಿರು ಗಳ ಅಡ್ಡ ಇಟ್ಟರೆ ಆಯಿತು ಎಂದು ನಗುತ್ತಾರೆ.

ವಿದ್ಯಾನಗರದ ನಿವೃತ್ತ ಮೇಷ್ಟ್ರು ಶಿವಶಂಕರಪ್ಪನವರಿಗೆ ಆ ಗೇಟಿನ ಮೇಲೆ ಕಣ್ಣು. ದಾರಿಯಲ್ಲಿ ಹೋಗುವಾಗೆಲ್ಲ ಸ್ಕೂಟರ್ ನಿಲ್ಲಿಸುತ್ತಿದ್ದರು.

"ಸಾಬ್ರೆ, ಯಾರ ಮನೆ ಗೇಟ್ರಿ ಇದು?"

"ನಮ್ದೇ ಸಾರ್."

"ನಿಮ್ ಮನೆ ಎಲ್ಲಿ ಕಟ್ಟಿಸ್ತಿದೀರಿ?"

"ಸಮುದ್ರದ ಹತ್ರ ತಗೋತೀನಿ. ಇನ್ನೂ ಸಿಕ್ಕಿಲ್ಲ."

"ಮನೆ ಸಿಕ್ಕಿಲ್ಲ, ಗೇಟು ರೆಡಿ! ಮಗು ಹುಟ್ಟೋಕ್ ಮುಂಚೆ ಸ್ಕೂಲ್ ಬ್ಯಾಗ್ ತಗೊಂಡಂಗಾಯ್ತಲ್ಲ ಮಾರಾಯ್ರೆ. ನನಗೆ ಕೊಟ್ಬಿಡಿ."

ಹಯಾತ್ ಸಾಬರು ನಕ್ಕು ಕಪ್ಪು ಕನ್ನಡಕ ಏರಿಸಿಕೊಂಡು ಕಿಡಿ ಹಾರಿಸತೊಡಗುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು ಎಂದರ್ಥ.

ಇದಕ್ಕೆಲ್ಲ ಕಾರಣ ಒಂದೇ ಒಂದು ಮಧ್ಯಾಹ್ನ. ಪ್ರಾಯದಲ್ಲಿ ಹೊನ್ನಾವರದ ಕಡೆ ಒಂದು ಅಂಗಡಿಗೆ ಶಟರ್ ಕೂರಿಸಲು ಹೋದವರು, ಕೆಲಸ ಮುಗಿಸಿ ದಂಡೆಗೆ ನಡೆದಿದ್ದರು. ಬೆಚ್ಚಗಿನ ಮರಳಿನಲ್ಲಿ ಕೂತವರಿಗೆ ಕಣ್ಣೆದುರು ಏನೂ ಅಡ್ಡವಿಲ್ಲ ಎನ್ನುವುದೇ ನಂಬಲಾಗಲಿಲ್ಲ. ಗೋಡೆಯಿಲ್ಲ, ಮರವಿಲ್ಲ, ಗುಡ್ಡವಿಲ್ಲ. ಬಸ್ಸು ತಪ್ಪಿದ್ದೂ ಗೊತ್ತಾಗಲಿಲ್ಲ. ಭದ್ರಾವತಿಯ ತಮ್ಮ ಮನೆಗೆ ಮರಳಿದ ಮೇಲೆ ಹೆಂಡತಿ ನಸೀಮಾಗೆ ಬಾಯಲ್ಲಿ ಹೇಳಿ ಸಾಕಾಗದೆ, ಕಬ್ಬಿಣಕ್ಕೆ ಗುರುತು ಹಾಕುವ ಸೀಮೆಸುಣ್ಣದಿಂದ ಪಡಸಾಲೆಯ ಕೆಂಪು ನೆಲದ ಮೇಲೆ ಅಲೆ ಬರೆದು ತೋರಿಸಿದರು. ಆಕೆ ಸಮುದ್ರ ಕಂಡವಳಲ್ಲ. ಆ ಜಾಗವನ್ನು ಎಷ್ಟೋ ದಿನ ಒರೆಸದೆ, ಸುತ್ತ ಮಾತ್ರ ಒರೆಸಿದಳು.

ಆಕೆಗೆ ಅದು ಯಾಕೆ ಅಷ್ಟು ಹಿಡಿಸಿತೆಂದರೆ, ಅವರ ಮನೆಯ ಕಿಟಕಿ ತೆರೆದರೆ ಕಾಣುತ್ತಿದ್ದದ್ದು ಪಕ್ಕದವರ ಗೋಡೆ. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಹಯಾತರ ಅಪ್ಪ ಕಟ್ಟಿಸಿದ ಗಟ್ಟಿ ಮನೆ ಅದು, ಆದರೆ ಇಕ್ಕಟ್ಟಿನ ಗಲ್ಲಿ. ಮದುವೆಯಾಗಿ ಬಂದಂದಿನಿಂದ ನಸೀಮಾ ಅಕ್ಕಿ ಆರಿಸಿದ್ದು, ಮಗಳು ಆಲಿಯಾಗೆ ತಲೆ ಬಾಚಿದ್ದು, ಎಲ್ಲ ಆ ಗೋಡೆಯ ಮುಂದೆಯೇ. ಮಳೆಗಾಲದಲ್ಲಿ ಅದು ಹಸಿರಾಗುತ್ತಿತ್ತು, ಬೇಸಿಗೆಯಲ್ಲಿ ಕಪ್ಪಾಗುತ್ತಿತ್ತು. ಅಷ್ಟೇ ವ್ಯತ್ಯಾಸ.

ಆಲಿಯಾಳ ಮದುವೆಯಾಗಿ, ಹಯಾತ್ ಸಾಬರ ಕೈ ನಡುಗತೊಡಗಿ, ಶಾಪನ್ನು ತಮ್ಮನ ಮಗ ಜಮ್ಶೀದನಿಗೆ ಬಿಟ್ಟುಕೊಟ್ಟ ಮೇಲೆ ಸಮುದ್ರದ ಮಾತು ಮತ್ತೆ ಬಂತು. ಇರುವ ಮನೆ ಮಾರಿದರೆ ಮಾತ್ರ ಅಲ್ಲೊಂದು ಮನೆ. ನಸೀಮಾ ಯೋಚಿಸಿದಳು. ಮನೆಮಾತು ದಖ್ಖನಿಯಾದರೂ ಖಡಾಖಂಡಿತವಾಗಿ ಹೇಳಬೇಕಾದ್ದನ್ನು ಆಕೆ ಕನ್ನಡದಲ್ಲೇ ಹೇಳುವುದು.

"ಬರ್ತೀನಿ. ಆದ್ರೆ ಒಂದು ಮಾತು. ನಾನು ಕೂತಲ್ಲಿಂದ ಸಮುದ್ರ ಕಾಣ್ಬೇಕು. ಎದ್ದು ಹೋಗಿ ನೋಡೋದಲ್ಲ, ಕೂತಲ್ಲಿಂದ. ಇಲ್ಲಾಂದ್ರೆ ನನಗೆ ಈ ಗೋಡೆನೇ ಸಾಕು."

"ಕೊಟ್ಟೆ ಮಾತು" ಎಂದರು ಹಯಾತ್ ಸಾಬರು.

ಆಮೇಲೆ ಶುರುವಾಯಿತು ಹುಡುಕಾಟ. ಸಾಗರದ ಪೇಟೆ ದಾಟಿ ಘಟ್ಟ ಇಳಿದು, ಬೆವರು ಒರೆಸಿಕೊಳ್ಳುತ್ತ, ಬ್ರೋಕರ್ ತೋರಿಸಿದ್ದನ್ನೆಲ್ಲ ನೋಡಿದರು. ಒಂದು ಮನೆಯ ಮುಂದೆ ರೆಸಾರ್ಟ್ ಎದ್ದಿತ್ತು. ಇನ್ನೊಂದರಲ್ಲಿ ಸಮುದ್ರ ಕಾಣುತ್ತಿತ್ತು, ಆದರೆ ಬಚ್ಚಲಿನ ಕಿಟಕಿಯಿಂದ. "ಸ್ನಾನ ಮಾಡ್ತಾನೇ ಇರ್ಬೇಕಾ ನಾನು?" ಎಂದು ನಸೀಮಾ ಬ್ರೋಕರನ ಮರ್ಯಾದೆ ತೆಗೆದಳು.

ಕೊನೆಗೆ ಸಿಕ್ಕಿದ್ದು ಜಟ್ಟಪ್ಪ ಎನ್ನುವ ಮುದುಕರ ಹೆಂಚಿನ ಮನೆ. ಎರಡು ಕೋಣೆ, ಮುಂದೆ ಜಗಲಿ, ಮರಳು ನುಗ್ಗದಂತೆ ಸುತ್ತ ಎದೆಯೆತ್ತರದ ಚಿರೆಕಲ್ಲಿನ ಗೋಡೆ. ಗೋಡೆಯ ನಡುವೆ ಹೋಗಿಬರಲು ಅಗಲವಾದ ಸಂದಿ, ಅದಕ್ಕೊಂದು ದಣಪೆ. ಕೂತರೆ ಗೋಡೆಯಾಚೆ ಏನೂ ಕಾಣದು, ಆದರೆ ಆ ಸಂದಿಯ ತುಂಬ ಸಮುದ್ರ. ನಸೀಮಾ ಜಗಲಿಯ ಮೇಲೆ ಕೂತಳು. ಕೂತವಳು ಏಳಲಿಲ್ಲ. ಹಯಾತ್ ಸಾಬರು ಬಾವಿಯ ನೀರು ಉಪ್ಪೋ ಸಿಹಿಯೋ ವಿಚಾರಿಸಿ, ಹೆಂಚು ಎಣಿಸಿ, ಗೆದ್ದಲು ಹಿಡಿದಿದೆಯೋ ಎಂದು ತೊಲೆ ತಟ್ಟಿ ನೋಡಿ ಬರುವಷ್ಟರಲ್ಲಿ ಆಕೆ ಚಪ್ಪಲಿ ಬಿಚ್ಚಿ ಕಾಲು ಚಾಚಿದ್ದಳು. ಇನ್ನು ಚೌಕಾಸಿ ಮಾಡಿ ಪ್ರಯೋಜನವಿಲ್ಲ ಎಂದು ಅವರಿಗೆ ಗೊತ್ತಾಯಿತು.

ಸಾಮಾನಿನ ಜೊತೆ ಗೇಟೂ ಘಟ್ಟ ಇಳಿಯಿತು. ಲಾರಿಯಿಂದ ಅದನ್ನು ಇಳಿಸುವಾಗ, ಮನೆ ಮಾರಿಯೂ ಅದೇ ಕೇರಿಯಲ್ಲಿದ್ದ ಜಟ್ಟಪ್ಪ ಹುಬ್ಬೇರಿಸಿದರು.

"ಎಂತಕ್ಕೆ ಸಾಬ್ರೆ ಇದು? ಇಲ್ಲಿ ಬರೂದು ಗಾಳಿ ಮತ್ತೆ ದನ. ಎರಡಕ್ಕೂ ದಣಪೆ ಸಾಕು."

ಹಯಾತ್ ಸಾಬರು ಕಿವಿಗೆ ಹಾಕಿಕೊಳ್ಳಲಿಲ್ಲ. ಭದ್ರಾವತಿಯಲ್ಲಿ ಹುಟ್ಟಿದವನಿಗೆ ಕಬ್ಬಿಣ ಬೇಡ ಅನ್ನುವುದುಂಟೆ? ಕಂಬ ನಿಲ್ಲಿಸಿದರು, ಗೇಟು ಕೂರಿಸಿದರು. ಕೇರಿಯವರು ಬಂದು ನೋಡಿ ಮುಟ್ಟಿ ಹೊಗಳಿದರು, ಫೋಟೋ ತೆಗೆದರು. ಬಾಳಿನಲ್ಲಿ ಅಂಥ ಖುಷಿ ಹಯಾತ್ ಸಾಬರಿಗೆ ಆಗಿರಲೇ ಇಲ್ಲ. ದಿನಾ ಸಂಜೆ ಹೊರಗೆ ಹೋಗಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತು, ಕೆಂಪು ಬಿಸಿಲಿನಲ್ಲಿ ತಮ್ಮ ಅಲೆಗಳನ್ನು ಕಣ್ತುಂಬ ನೋಡುತ್ತಿದ್ದರು. ನಸೀಮಾ ಗಾಳಿಗೆಂದು ಗೇಟು ತೆರೆದರೆ ಸಾಕು, "ಹಾಕು ಮಾರಾಯ್ತಿ, ಬಡ್ಕೊಂಡು ಬಣ್ಣ ಹೋಗುತ್ತೆ" ಎನ್ನುತ್ತಿದ್ದರು.

ದಿನ ಕಳೆದಂತೆ ನಸೀಮಾ ಮಾತು ಕಡಿಮೆ ಮಾಡಿದಳು. ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ. ಮಗಳ ನೆನಪೇನೋ ಎಂದು ಹಯಾತ್ ಸಾಬರು ಆಲಿಯಾಗೆ ಫೋನು ಹಚ್ಚಿ ಕೊಟ್ಟರು. ಊರಿನ ನೆನಪೇನೋ ಎಂದು ಜಮ್ಶೀದನಿಗೆ ಹೇಳಿ ಭದ್ರಾವತಿಯ ಬೇಕರಿಯಿಂದ ಖಾರ ಬನ್ನು ತರಿಸಿದರು. ಆಕೆ ಬನ್ನು ತಿಂದಳು, ಮತ್ತೆ ಅಕ್ಕಿಯ ಮೊರಕ್ಕೆ ಬಗ್ಗಿದಳು.

ಒಂದು ದಿನ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಹಯಾತ್ ಸಾಬರ ಕಾಲು ಉಳುಕಿತು. ನಸೀಮಾ ಎಣ್ಣೆ ತಿಕ್ಕಿ, ತಾನು ದಿನಾ ಕೂರುವ ಜಾಗದಲ್ಲಿ ಅವರನ್ನು ಕೂರಿಸಿ ಒಳಗೆ ಹೋದಳು. ಅವರು ಗೋಡೆಗೆ ಒರಗಿ ಎದುರಿಗೆ ನೋಡಿದರು.

ಎದುರಿಗೆ ಶೀಟು ಇತ್ತು. ಬರೀ ಶೀಟು. ಅಲೆಗಳೆಲ್ಲ ಆ ಕಡೆ, ದಾರಿಯ ಕಡೆ. ಈ ಕಡೆ ಅವರೇ ಗ್ರೈಂಡರ್ ಹಿಡಿದು ಉಜ್ಜಿದ ಗುರುತು, ಮೂಲೆಯಲ್ಲಿ ಆಗಲೇ ಹತ್ತಿದ ತುಕ್ಕು. ಅದರಾಚೆ ಸಮುದ್ರದ ಸದ್ದು. ಸದ್ದು ಬರುತ್ತಿತ್ತು, ಹೋಗುತ್ತಿತ್ತು. ಏನೂ ಕಾಣುತ್ತಿರಲಿಲ್ಲ.

ಚಹಾ ಹಿಡಿದು ನಸೀಮಾ ಬಂದಳು.

"ಯಾಕೆ ಹೇಳ್ಲಿಲ್ಲ ನೀನು?" ಎಂದರು ಹಯಾತ್ ಸಾಬರು.

"ಅಷ್ಟು ವರ್ಷ ಆಸೆಪಟ್ಟು ಇಟ್ಕೊಂಡಿದ್ರಿ. ಹೇಗೆ ಹೇಳ್ಲಿ?" ಆಕೆ ಲೋಟ ಕೈಗಿಟ್ಟಳು. "ಬಿಡ್ರಿ. ಗೋಡೆ ನೋಡಿ ನನಗೆ ಅಭ್ಯಾಸ ಇದೆ."

ಆ ಮಾತು ಅವರನ್ನು ಕೊಂದುಹಾಕಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಚಹಾ ಕುಡಿಯದೆ ಫೋನು ತೆಗೆದು ಶಿವಶಂಕರಪ್ಪನವರ ನಂಬರು ಒತ್ತಿದರು.

"ಸಾರ್, ಗೇಟು ಬೇಕಾ ಇನ್ನೂ?"

"ಮನೆ ಸಿಕ್ತು ಅಂದ್ರಲ್ಲ ಸಾಬ್ರೆ?"

"ಸಿಕ್ತು ಸಾರ್. ಅದಕ್ಕೇ ಈಗ ಗೇಟು ಬೇಡ."

ಮೇಷ್ಟ್ರಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಹೂಂ ಎಂದರು. ಕುಂಟುತ್ತಲೇ ಹೋಗಿ ನಿಂತು ಹಯಾತ್ ಸಾಬರು ಗೇಟು ಬಿಚ್ಚಿಸಿದರು. ಶಿವಮೊಗ್ಗಕ್ಕೆ ಮೀನು ಒಯ್ಯುವ ಲಾರಿಯಲ್ಲಿ ಅದು ಘಟ್ಟ ಹತ್ತಿತು. ವಿದ್ಯಾನಗರದ ಆ ಮನೆಯಲ್ಲಿ ಎಷ್ಟು ತೊಳೆದರೂ ಗೇಟು ಮೀನು ನಾರುತ್ತದೆಂದು ಮೇಷ್ಟ್ರ ಮಗಳು ರಶ್ಮಿ ಈಗಲೂ ಮೂಗು ಮುಚ್ಚಿಕೊಳ್ಳುತ್ತಾಳಂತೆ.

ಗೇಟು ಹೋದ ಮಾರನೆಯ ಬೆಳಿಗ್ಗೆ ಜಟ್ಟಪ್ಪ ಹಳೆಯ ದಣಪೆಯ ಬಿದಿರು ಗಳಗಳನ್ನು ಹೊತ್ತು ತಂದು ಸಂದಿಗೆ ಅಡ್ಡ ಇಟ್ಟು ಹೋದರು. ನಸೀಮಾ ಅಕ್ಕಿಯ ಮೊರ ಹಿಡಿದು ಜಗಲಿಗೆ ಬಂದಳು, ಕೂತಳು, ತಲೆ ಎತ್ತಿದಳು. ಮೊರ ತೊಡೆಯ ಮೇಲೇ ಉಳಿಯಿತು. ಬಹಳ ಹೊತ್ತಾದ ಮೇಲೆ, ಗಂಡನ ಕಡೆ ತಿರುಗದೆಯೇ ಅಂದಳು.

"ರೀ, ನೀವು ಮಾಡಿದ ಅಲೆ ಎಲ್ಲ ಒಂದೇ ಸೈಜಿತ್ತು. ಇಲ್ನೋಡಿ, ಒಂದರಂಗೆ ಇನ್ನೊಂದಿಲ್ಲ."

ಹಯಾತ್ ಸಾಬರು ಪಕ್ಕಕ್ಕೆ ಸರಿದು ಕೂತು ನೋಡಿದರು. ಆಕೆ ಹೇಳಿದ್ದು ನಿಜವಾಗಿತ್ತು.